ಟಿಐ-83 ಪ್ಲಸ್‌ಗಳ ನಡುವೆ ಕೇಬಲ್ ಬದಲು ರೇಡಿಯೊ: ನಾನು ಮಾಡಿಕೊಂಡ ಬಗೆ

ಎರಡು ಟಿಐ-83 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್‌ಗಳನ್ನು ನಿಸ್ತಂತುವಾಗಿ ಜೋಡಿಸಲು ಹೊರಟಾಗ ನಾನು ಹಾಕಿಕೊಂಡ ಮೊದಲ ಷರತ್ತು, ಕೇಬಲ್ ಇಲ್ಲವೆಂಬುದು ಕ್ಯಾಲ್ಕುಲೇಟರ್‌ಗೆ ಗೊತ್ತೇ ಆಗಬಾರದು ಎಂಬುದು. ಒಳಗೆ ಯಾವ ಪ್ರೋಗ್ರಾಮನ್ನೂ ತುಂಬದೆ ಲಿಂಕ್ ಮೆನುವಿನ ಸೆಂಡ್, ರಿಸೀವ್ ಮತ್ತು ಕ್ಯಾಲ್ಕುಲೇಟರ್‌ನ ಬೇಸಿಕ್ ಭಾಷೆಯ ಗೆಟ್‌ಕ್ಯಾಲ್ಕ್ (ಎದುರಿನ ಕ್ಯಾಲ್ಕುಲೇಟರ್‌ನಿಂದ ಒಂದು ವೇರಿಯಬಲ್ ತರಿಸುವ ಆಜ್ಞೆ) ಮೊದಲಿನಂತೆಯೇ ನಡೆಯಬೇಕು.

ಲಿಂಕ್ ಪೋರ್ಟ್ ಅಂದರೆ 2.5 ಮಿ.ಮೀ. ಸ್ಟೀರಿಯೊ ಜಾಕ್. ತುದಿ ಮತ್ತು ಉಂಗುರ ಎರಡು ಡೇಟಾ ಲೈನ್‌ಗಳು, ಬುಡ ಗ್ರೌಂಡ್. ಸುಮ್ಮನಿದ್ದಾಗ ಎರಡರಲ್ಲೂ ಸುಮಾರು 5 ವೋಲ್ಟ್. ಕಳಿಸುವ ಕ್ಯಾಲ್ಕುಲೇಟರ್ ಸೊನ್ನೆ ಕಳಿಸಲು ತುದಿಯನ್ನು, ಒಂದು ಕಳಿಸಲು ಉಂಗುರವನ್ನು ಸೊನ್ನೆ ವೋಲ್ಟ್‌ನತ್ತ ಕೆಳಗೆಳೆಯುತ್ತದೆ; ಎದುರಿನದು ಇನ್ನೊಂದು ಲೈನನ್ನು ಎಳೆದು ‘ಸಿಕ್ಕಿತು’ ಅನ್ನುತ್ತದೆ. ಪ್ರತಿ ಬಿಟ್‌ಗೂ ಇದೇ ಕೊಡುಕೊಳ್ಳುವಿಕೆ. ಇದನ್ನು ಹಾಗೇ ರೇಡಿಯೊದಲ್ಲಿ ದಾಟಿಸಲು ಹೋದರೆ ಒಂದೊಂದು ಬಿಟ್‌ಗೂ ಹೋಗಿ ಬರುವ ಹೊತ್ತು ಹಿಡಿದು ಆಮೆವೇಗವಾಗುತ್ತದೆ. ಆದ್ದರಿಂದ ಬಿಟ್ ಮಟ್ಟದ ಉತ್ತರವನ್ನು ಹತ್ತಿರದ ಬ್ರಿಡ್ಜ್ (ಪ್ರತಿ ಕ್ಯಾಲ್ಕುಲೇಟರ್‌ನ ಲಿಂಕ್ ಪೋರ್ಟ್‌ಗೆ ಸಿಕ್ಕಿಸುವ ರೇಡಿಯೊ ಡಬ್ಬಿ) ತಾನೇ ಕೊಡಬೇಕು, ಗಾಳಿಯಲ್ಲಿ ಬೈಟ್‌ಗಳ ಕಟ್ಟು ಹೋಗಬೇಕು.

ಪ್ರತಿ ಬದಿಗೆ ಬೇಕಾದದ್ದು: 8 ಮೆಗಾಹರ್ಟ್ಸ್‌ನ ಪ್ರೊ ಮಿನಿ (ಪುಟ್ಟ ಆರ್ಡುಯಿನೊ ಮೈಕ್ರೊಕಂಟ್ರೋಲರ್ ಬೋರ್ಡ್), ಎನ್‌ಆರ್‌ಎಫ್24ಎಲ್01+ ರೇಡಿಯೊ ಮಾಡ್ಯೂಲ್, ಅದಕ್ಕೆ 3.3 ವೋಲ್ಟ್ ಕೊಡಲು ಎಂಸಿಪಿ1700 ವೋಲ್ಟೇಜ್ ರೆಗ್ಯುಲೇಟರ್, ಮೂರು ಎಎಎ ಸೆಲ್. ಸೆಲ್‌ಗಳನ್ನು ಬೋರ್ಡಿನ ವಿಸಿಸಿ ಪಿನ್‌ಗೇ ಕೊಟ್ಟೆ. ಪವರ್ ಬ್ಯಾಂಕ್ ಬಳಸದಿದ್ದುದಕ್ಕೆ ಕಾರಣ, ಅವು ಇಷ್ಟು ಕಡಿಮೆ ಕರೆಂಟಿಗೆ ತಾವೇ ಆಫ್ ಆಗಿಬಿಡುತ್ತವೆ. ಎರಡೂ ಡೇಟಾ ಲೈನ್‌ಗೆ 470 ಓಮ್ ಸರಣಿಯಲ್ಲಿ. ಈ ಲೈನ್‌ಗೆ ಸೇರಿದ ಪ್ರೊ ಮಿನಿಯ ಪಿನ್ ಎಂದೂ ಹೈ ಔಟ್‌ಪುಟ್ ಆಗಕೂಡದು: ಕೆಳಗೆಳೆಯಲು ಔಟ್‌ಪುಟ್ ಲೋ, ಬಿಡಲು ಇನ್‌ಪುಟ್. ರೇಡಿಯೊದ ಪವರ್ ಪಿನ್‌ಗಳಿಗೆ ಅಂಟಿಕೊಂಡಂತೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಬೇಕೇ ಬೇಕು. ಇಲ್ಲದಿದ್ದರೆ ಪಡೆಯುವುದು ಸರಿಯಿದ್ದು, ಕಳಿಸುವಾಗ ಮಾತ್ರ ಕೈಕೊಡುತ್ತದೆ.

ಮೊದಲ ಬೈಟ್ ಹೆಕ್ಸ್ 73 (ಟಿಐ-83 ಪ್ಲಸ್‌ನ ಗುರುತು) ಬರಬೇಕಾದಲ್ಲಿ 8ಸಿ ಬಂದರೆ ತುದಿ, ಉಂಗುರ ಅದಲುಬದಲಾಗಿವೆ ಎಂದೇ ಅರ್ಥ.

ರೇಡಿಯೊ ವೇಗ ಸೆಕೆಂಡಿಗೆ 250 ಕಿಲೋಬಿಟ್ ಸಾಕು, ಕ್ಯಾಲ್ಕುಲೇಟರ್ ಅದಕ್ಕಿಂತ ಬಹಳ ನಿಧಾನ. ಹೆಸರಿನ ಕೊನೆಗೆ + ಇಲ್ಲದ ಹಳೆಯ ರೇಡಿಯೊ ಚಿಪ್‌ಗೆ ಈ ವೇಗವೇ ಇಲ್ಲ. ಚಾನೆಲ್ 76, ಅಂದರೆ 2476 ಮೆಗಾಹರ್ಟ್ಸ್: ವೈಫೈನ 11ನೇ ಚಾನೆಲ್‌ನಿಂದ ಆಚೆ. ಮರುಪ್ರಯತ್ನ 15, ನಡುವೆ 1500 ಮೈಕ್ರೊಸೆಕೆಂಡ್.

ಎಲ್ಲಕ್ಕಿಂತ ಮುಖ್ಯವಾದದ್ದು ಸುಳ್ಳು ಹೇಳದ ಲಿಂಕ್. ಚಿಪ್‌ನ ಆಟೊ ಅಕ್ನಾಲೆಜ್ ಹೇಳುವುದು ‘ಆಚೆಯ ರೇಡಿಯೊಗೆ ಮುಟ್ಟಿತು’ ಎಂದಷ್ಟೆ, ಆಚೆಯ ಕ್ಯಾಲ್ಕುಲೇಟರ್‌ಗೆ ಮುಟ್ಟಿತು ಎಂದಲ್ಲ. ಅದನ್ನು ನಂಬಿ ಬ್ರಿಡ್ಜ್ ತಾನೇ 56 (ಡೇಟಾ ಸರಿಯಾಗಿ ಬಂತು ಎನ್ನುವ ಆಜ್ಞೆ) ಕಳಿಸಿದರೆ, ಅತ್ತ ಮೆಮೊರಿ ತುಂಬಿದ್ದರೂ ಇತ್ತ ಪರದೆಯಲ್ಲಿ ‘ಡನ್’ ಬರುತ್ತದೆ. ಹಾಗಾಗಿ 56, 09 (ಕಳಿಸಬಹುದು), 5ಎ (ಡೇಟಾ ಕೆಟ್ಟು ಬಂತು) ಯಾವುದನ್ನೂ ಬ್ರಿಡ್ಜ್ ಹುಟ್ಟಿಸುವುದಿಲ್ಲ; ಅತ್ತಣ ಕ್ಯಾಲ್ಕುಲೇಟರ್ ಕೊಟ್ಟದ್ದನ್ನು ತಂದೊಪ್ಪಿಸುತ್ತದೆ, ಅಷ್ಟೆ. ‘ಡ್ಯುಪ್ಲಿಕೇಟ್ ನೇಮ್’ ಪ್ರಶ್ನೆಗೆ ಎದುರಿನವರು ಯೋಚಿಸುತ್ತ ಕೂತರೂ ಬ್ರಿಡ್ಜ್ ತನ್ನದೇ ಗಡುವು ಹಾಕುವಂತಿಲ್ಲ.

ಇಡೀ ಪ್ಯಾಕೆಟ್ ಕೂಡಿಟ್ಟು ಆಮೇಲೆ ಕಳಿಸುವ ಸುಲಭ ದಾರಿ ಇಲ್ಲಿ ನಡೆಯದು. 100 ಸಂಖ್ಯೆಗಳ ಲಿಸ್ಟ್ ಅಂದರೆ ಸಂಖ್ಯೆಗೆ 9 ಬೈಟ್‌ನಂತೆ 900, ಉದ್ದಕ್ಕೆ 2, ತಲೆಗೆ (ಹೆಡರ್) 4, ಚೆಕ್‌ಸಮ್‌ಗೆ (ತಪ್ಪು ಹಿಡಿಯುವ ಮೊತ್ತ) 2, ಒಟ್ಟು 908. ಅದೇ 999 ಸಂಖ್ಯೆಗಳಾದರೆ 9 ಸಾವಿರ ಬೈಟ್ ಸಮೀಪ. ಪ್ರೊ ಮಿನಿಯ ರ‍್ಯಾಮ್ 2 ಕಿಲೋಬೈಟ್. ಜತೆಗೆ ಉತ್ತರ ತಡವಾಗಿ, ಕ್ಯಾಲ್ಕುಲೇಟರ್ ಸುಮಾರು 2 ಸೆಕೆಂಡ್ ಕಾದು ‘ಎರರ್ ಇನ್ ಎಕ್ಸ್‌ಮಿಟ್’ ತೋರಿಸುತ್ತದೆ. ನಾನು 29 ಬೈಟ್ ಸೇರುತ್ತಲೇ 3 ಬೈಟ್ ತಲೆ (ಜೋಡಿ ಸಂಖ್ಯೆ, ಕ್ರಮಸಂಖ್ಯೆ, ಗುರುತು) ಹಚ್ಚಿ 32ರ ತುಂಡಾಗಿ ಹೊರಡಿಸುತ್ತೇನೆ. 908ಕ್ಕೆ 32 ತುಂಡು. ಆಚೆ ಕಡೆ ಹಿಂದೆ ಬಿದ್ದರೆ ಮುಂದಿನ ಬಿಟ್‌ಗೆ ಉತ್ತರವನ್ನು ತುಸು ತಡೆದರಾಯಿತು, ಕ್ಯಾಲ್ಕುಲೇಟರ್ ತಾನಾಗಿ ಕಾಯುತ್ತದೆ. ರೇಡಿಯೊ ಪೂರ್ತಿ ಕಡಿದರೆ ಉತ್ತರವೇ ಕೊಡದೆ ಸುಮ್ಮನಿರುವುದು ಸರಿ. ದೋಷದ ಸಂದೇಶ ಬರಲಿ.

ಕ್ರಮಸಂಖ್ಯೆ ಬಿಡಬೇಡಿ. ಮರುಪ್ರಯತ್ನದಲ್ಲಿ ಒಂದೇ ತುಂಡು ಎರಡು ಸಲ ಬಂದರೆ ಚೆಕ್‌ಸಮ್ ಕೆಡುತ್ತದೆ. ಜೋಡಿ ಸಂಖ್ಯೆಗೆ ನಾಲ್ಕು ಕಡ್ಡಿಯ ಡಿಪ್ ಸ್ವಿಚ್ ಹಾಕಿದರೆ ಒಂದೇ ಕೋಣೆಯಲ್ಲಿ 16 ಜೋಡಿಗಳಿಗೆ ಬೇರೆ ಬೇರೆ ಗುರುತು ಸಿಗುತ್ತದೆ. ಗೆಟ್‌ಕ್ಯಾಲ್ಕ್ ಉತ್ತರವಿಲ್ಲದೆ ಸೋತರೆ ರೇಡಿಯೊ ಬಿಚ್ಚುವ ಮೊದಲು ಎದುರಿನ ಪ್ರೋಗ್ರಾಮ್ ನೋಡಿ: ಅದು ಗೆಟ್‌ಕೀ (ಒತ್ತಿದ ಕೀಲಿ ಓದುವ ಆಜ್ಞೆ) ಸುತ್ತಿನಲ್ಲಿದ್ದರೆ ಕೇಬಲ್‌ನಲ್ಲೂ ಉತ್ತರ ಬರದು, ಪಾಜ್ ಅಥವಾ ಮೆನು ಆಜ್ಞೆಯಲ್ಲಿ ನಿಂತಿರಬೇಕು.

ಮಾಡ್ಯೂಲನ್ನು ಕ್ಯಾಲ್ಕುಲೇಟರ್ ಒಳಗೆ ತುರುಕುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಐಬಿ, ಎಸ್‌ಎಟಿ ಪರೀಕ್ಷೆಗಳಲ್ಲಿ ನಿಸ್ತಂತು ಸಂಪರ್ಕವಿರುವ ಕ್ಯಾಲ್ಕುಲೇಟರ್ ನಿಷಿದ್ಧ. ಡಬ್ಬಿ ಹೊರಗಿದ್ದರೆ ಪ್ಲಗ್ ಕಿತ್ತಿಟ್ಟು ಹೋಗಬಹುದು.