ಹಳೆಯ ಡೀಲಕ್ಸ್ ರಿವರ್ಬ್, ಹೊಸ ರೀಇಶ್ಯೂ: ಪಕ್ಕಪಕ್ಕ ಇಟ್ಟು ಕೇಳುವ ಬಗೆ

1963ರಿಂದ 1967ರವರೆಗೆ ಕಪ್ಪು ಪ್ಯಾನೆಲ್‌ನಲ್ಲಿ ಬಂದ ಫೆಂಡರ್ ಕಂಪನಿಯ ಗಿಟಾರ್ ಆಂಪ್ (ಆಂಪ್ಲಿಫೈಯರ್) ಡೀಲಕ್ಸ್ ರಿವರ್ಬ್‌ಗೂ 1993ರಲ್ಲಿ ಬಂದ ಅದರ ’65 ರೀಇಶ್ಯೂಗೂ (ಅದೇ ಮಾದರಿಯ ಮರುತಯಾರಿಕೆ) ಸರ್ಕ್ಯೂಟ್ ಹೆಚ್ಚುಕಡಿಮೆ ಒಂದೇ: ಎಬಿ763 ಎಂಬ ವಿನ್ಯಾಸ. ಎರಡು 6ವಿ6 ಪವರ್ ಟ್ಯೂಬು, 22 ವ್ಯಾಟ್, 12 ಇಂಚಿನ ಒಂದು ಸ್ಪೀಕರ್. ಹಳೆಯದರಲ್ಲಿ ಫೈಬರ್ ಹಲಗೆಯ ಮೇಲೆ ಕೈಬೆಸುಗೆ, ಹೊಸದರಲ್ಲಿ ಪಿಸಿಬಿ, ಅಂದರೆ ಮುದ್ರಿತ ಸರ್ಕ್ಯೂಟ್ ಬೋರ್ಡ್. ಸದ್ದಿನ ವ್ಯತ್ಯಾಸವನ್ನೆಲ್ಲ ಜನ ಈ ಹಲಗೆಯ ತಲೆಗೇ ಕಟ್ಟುತ್ತಾರೆ. ನಿಜವಾಗಿ ದೊಡ್ಡ ಪಾಲು ಸ್ಪೀಕರ್‌ನದು, ಆಮೇಲೆ ಟ್ಯೂಬು, ಬಯಾಸ್ (ನುಡಿಸದಿದ್ದಾಗಲೂ ಪವರ್ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ), ಒಣಗಿದ ಕೆಪಾಸಿಟರ್‌ಗಳದು. ಇವನ್ನು ಸಮ ಮಾಡದೆ ಹೋಲಿಸಿದರೆ ಜಗಳ ಬಿಟ್ಟು ಬೇರೇನೂ ಹುಟ್ಟದು.

ಹಳೆಯದು ಎಷ್ಟು ಹಳೆಯದು ಎಂದು ಮೊದಲು ನೋಡಿ. ಟ್ರಾನ್ಸ್‌ಫಾರ್ಮರ್ ಮೇಲೆ 606-5-42 ಎಂದಿದ್ದರೆ 606 ತಯಾರಕರ ಸಂಖ್ಯೆ, 5 ಅಂದರೆ 1965, 42 ಅಂದರೆ ವಾರ. ಸ್ಪೀಕರ್‌ನಲ್ಲಿ ತಯಾರಕರ ಸಂಖ್ಯೆ 465 ಇದ್ದರೆ ಆಕ್ಸ್‌ಫರ್ಡ್, 220 ಇದ್ದರೆ ಜೆನ್ಸನ್. ಒಂದು ಭಾಗದ ತಾರೀಕು ಮಾತ್ರ ಉಳಿದವಕ್ಕಿಂತ ವರ್ಷಗಟ್ಟಲೆ ಈಚೆಗಿದ್ದರೆ ಅದನ್ನು ಯಾರೋ ಬದಲಿಸಿದ್ದಾರೆ.

ಹಳೆಯ ಆಂಪನ್ನು ನೇರವಾಗಿ ಪ್ಲಗ್‌ಗೆ ಹಾಕಬೇಡಿ. ಅದು ಅಮೆರಿಕದ 117 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್‌ಗೆ ವೋಲ್ಟೇಜ್ ಇಳಿಸುವ, ಕನಿಷ್ಠ 300 ವಿಎ (ವೋಲ್ಟ್-ಆಂಪಿಯರ್) ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 50 ಹರ್ಟ್ಸ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ತುಸು ಹೆಚ್ಚೇ ಕಾಯುತ್ತದೆ. ಎರಡು ಪಿನ್ನಿನ ಹಳೆಯ ವೈರ್ ಇದ್ದರೆ ಗ್ರೌಂಡ್ ಸ್ವಿಚ್‌ನಿಂದ ಚಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಹೋಗುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಕತ್ತರಿಸಿ ತೆಗೆಯಿರಿ. ಅದು ಶಾರ್ಟ್ ಆದರೆ ಗಿಟಾರ್ ತಂತಿಗೇ ಕರೆಂಟ್ ಬರುತ್ತದೆ. ಮೂರು ಪಿನ್ನಿನ ವೈರ್ ಹಾಕಿ, ಹಸಿರು ತಂತಿಯನ್ನು ಚಾಸಿಗೆ ಬಿಗಿಯಾಗಿ ಕಟ್ಟಿ.

ಚಾಸಿ ಮೇಲಿನ ತಗಡಿನ ಮುಚ್ಚಳದಡಿ 16 ಮೈಕ್ರೋಫ್ಯಾರಡ್, 450 ವೋಲ್ಟ್‌ನ ಐದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿವೆ. ಅರವತ್ತು ವರ್ಷದ ಮೂಲ ಬಿಡಿಭಾಗವೆಂದು ಮರುಗದೆ ಐದನ್ನೂ ಬದಲಿಸಿ. ಆಫ್ ಮಾಡಿದ ಮೇಲೂ ಅಲ್ಲಿ 400 ವೋಲ್ಟ್ ಉಳಿದಿರಬಹುದು. 22 ಕಿಲೋಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಚಾಸಿಗೆ ಇಳಿಸಿ, ಮೀಟರ್ 10 ವೋಲ್ಟ್‌ಗಿಂತ ಕೆಳಗೆ ತೋರಿಸಿದ ಮೇಲಷ್ಟೇ ಕೈ ಹಾಕಿ. ಮೊದಲ ಬಾರಿ ಆನ್ ಮಾಡುವಾಗ ಪವರ್ ಟ್ಯೂಬು ತೆಗೆದಿಟ್ಟು, ಸ್ಟೆಪ್‌ಡೌನ್‌ಗೂ ಮುಂಚೆ 230 ವೋಲ್ಟ್‌ನ 100 ವ್ಯಾಟ್‌ನ ಹಳೇ ಬಗೆಯ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಕೊಡಿ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಎಲ್ಲ ಸರಿಯಿದ್ದರೆ ಬಲ್ಬು ತೆಗೆದು, ಟ್ಯೂಬು ಕೂರಿಸಿ, ಹೀಟರ್ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿ) ವೋಲ್ಟೇಜ್ ಅಳೆಯಿರಿ: 6.3 ವೋಲ್ಟ್ ಸುಮಾರಿಗಿರಬೇಕು, 6.9 ದಾಟಬಾರದು.

ಈಗ ಬಯಾಸ್. ಎರಡೂ ಆಂಪಿಗೆ ಒಂದೇ ಜೋಡಿ 6ವಿ6 ಹಾಕಿ. ಟ್ಯೂಬಿನ ಪ್ಲೇಟ್‌ನಲ್ಲಿ (ಹೆಚ್ಚು ವೋಲ್ಟೇಜಿನ ತುದಿ) 415 ವೋಲ್ಟ್ ಸಿಕ್ಕಿತೆನ್ನಿ. 6ವಿ6ನ ಮಿತಿಯಾದ 12 ವ್ಯಾಟ್‌ನ ಶೇ. 70 ಅಂದರೆ 8.4 ವ್ಯಾಟ್, ಅದನ್ನು 415ರಿಂದ ಭಾಗಿಸಿದರೆ ಟ್ಯೂಬೊಂದಕ್ಕೆ 20 ಮಿಲಿಆಂಪ್. ಎರಡೂ ಆಂಪನ್ನು ಅಲ್ಲಿಗೆ ತನ್ನಿ. ಒಂದು 14ರಲ್ಲಿ, ಇನ್ನೊಂದು 24ರಲ್ಲಿ ಓಡುತ್ತಿದ್ದರೆ ನೀವು ಹೋಲಿಸುತ್ತಿರುವುದು ಬಯಾಸನ್ನೇ.

ಆಮೇಲೆ 8 ಓಮ್‌ನ ಒಂದೇ ಕ್ಯಾಬಿನೆಟ್‌ಗೆ ಸರದಿಯಲ್ಲಿ ಜೋಡಿಸಿ. ಆಂಪ್ ಆನ್ ಇದ್ದಾಗ ಸ್ಪೀಕರ್ ಜಾಕ್ ಕೀಳಬೇಡಿ. ರಿವರ್ಬ್, ಟ್ರೆಮೊಲೊ ಸೊನ್ನೆಯಲ್ಲಿರಲಿ. ವಾಲ್ಯೂಮ್ ನಾಬ್‌ನ ಅಂಕಿಯನ್ನು ನಂಬಬೇಡಿ, ನಾಬ್ ತಿರುಗಿಸುವ ಪಾಟ್‌ನಲ್ಲೇ (ಬದಲಾಗುವ ರೆಸಿಸ್ಟರ್) ಶೇ. 20ರಷ್ಟು ಏರುಪೇರು ಇರುತ್ತದೆ. 1 ಕಿಲೋಹರ್ಟ್ಸ್ ಸ್ವರ ಕೊಟ್ಟು, ಫೋನಿನ ಡೆಸಿಬೆಲ್ ಮೀಟರನ್ನು ಒಂದೇ ಜಾಗದಲ್ಲಿಟ್ಟು ಸಮ ಮಾಡಿ. ಒಂದು ಡೆಸಿಬೆಲ್ ಜೋರಿದ್ದರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಯಾವ ಆಂಪ್ ಎಂದು ನುಡಿಸುವವರಿಗೆ ಹೇಳದೆ ಇನ್ನೊಬ್ಬರು ಬದಲಿಸಲಿ. ಕೊನೆಗೆ ಅವುಗಳ ಸ್ವಂತ ಸ್ಪೀಕರ್‌ಗಳಲ್ಲಿ ಮತ್ತೆ ಕೇಳಿ. ರೀಇಶ್ಯೂನ ಜೆನ್ಸನ್ ಸಿ12ಕೆ ತಾರದಲ್ಲಿ ಚೂಪಾಗಿ ಕೇಳಿಸಿದರೆ ಆಂಪನ್ನು ದೂರಬೇಡಿ, ಸ್ಪೀಕರ್ ಬದಲಿಸಿ.

ದೋಷ ಹುಡುಕಲು ಒಣ ಬಿದಿರುಕಡ್ಡಿಯಿಂದ ಒಳಗೆ ಮೆಲ್ಲಗೆ ತಟ್ಟಿ, ಇನ್ನೊಂದು ಕೈ ಜೇಬಿನಲ್ಲಿರಲಿ. ಹಳೆಯದರಲ್ಲಿ ನುಡಿಸದಿದ್ದರೂ ಚಟಪಟ ಸದ್ದಿದ್ದರೆ 100 ಕಿಲೋಓಮ್‌ನ ಪ್ಲೇಟ್ ರೆಸಿಸ್ಟರ್ ಮೇಲೆ ಅನುಮಾನ. ವಾಲ್ಯೂಮ್ ಇಳಿಸಿದಾಗ ಸದ್ದೂ ಇಳಿದರೆ ದೋಷ ನಾಬ್‌ಗಿಂತ ಮುಂಚೆ, ಇಳಿಯದಿದ್ದರೆ ಆಚೆ. ರೀಇಶ್ಯೂನಲ್ಲಿ ಇನ್‌ಪುಟ್ ಜಾಕ್‌ನ ಬೆಸುಗೆ ಬಿರುಕು ಬಿಟ್ಟಿದೆಯೇ, ರಿಬ್ಬನ್ ವೈರ್ ಸಡಿಲವೇ ನೋಡಿ. ಹಲಗೆಯ ಭೇದ ನಿಜಕ್ಕೂ ತಿಳಿಯುವುದು ಇಲ್ಲೇ. ಹಳೆಯದರಲ್ಲಿ ಆ ರೆಸಿಸ್ಟರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಹೊಸದರಲ್ಲಿ ನಾಬ್, ನಟ್ ಎಲ್ಲ ಬಿಚ್ಚಿ ಬೋರ್ಡ್ ಎತ್ತಿ ತಿರುವಿದರಷ್ಟೇ ಬೆಸುಗೆ ಕೈಗೆ ಸಿಗುತ್ತದೆ.