ಸೀಪ್ಲೇನ್ ಬಿಟ್ಟ ಮಾಲ್ಡೀವ್ಸ್: ಎರಡು ರಾತ್ರಿಯ ಲೆಕ್ಕ

ಶುಕ್ರವಾರ ಬೆಳಗ್ಗೆ ಬೆಂಗಳೂರು ಬಿಟ್ಟು ಭಾನುವಾರ ಸಂಜೆ ವಾಪಸ್. ನಡುವೆ ಮಾಲ್ಡೀವ್ಸಿನ ಒಳ್ಳೆ ರೆಸಾರ್ಟಿನಲ್ಲಿ ಎರಡು ರಾತ್ರಿ. ಇದು ಆಗೋ ಮಾತಲ್ಲ, ನಾಲ್ಕು ರಾತ್ರಿಗಿಂತ ಕಮ್ಮಿ ಇದ್ದರೆ ದುಡ್ಡು ದಂಡ ಅಂತ ನಮ್ಮ ಟ್ರಾವೆಲ್ ಏಜೆಂಟ್ ಲೈನಿನವರೇ ಹೇಳುತ್ತಿದ್ದರು. ಸೀಪ್ಲೇನ್ (ನೀರಿನ ಮೇಲೆ ಇಳಿಯೋ ವಿಮಾನ) ಫೋಟೋ ಸಿಗದಿದ್ದರೆ ಪಾರ್ಟಿ, ಅಂದರೆ ಗಿರಾಕಿ, ಜೇಬಿಗೆ ಕೈ ಹಾಕಲ್ಲ ಅನ್ನೋದು ಇನ್ನೊಂದು ವಾದ. ಈಗ ಅದೇ ಪಾರ್ಟಿಗಳು ಎರಡನೇ ಸಲ ಬಂದು ಎರಡು ರಾತ್ರಿಯನ್ನೇ ಕೇಳುತ್ತಿದ್ದಾರೆ. ವಾದ ಮಾಡಿದವರಲ್ಲಿ ಕೆಲವರು ನನ್ನ ದರದ ಕೋಟ್ ಶೀಟ್ ಕೇಳಿದ್ದೂ ಆಯ್ತು. ಶೀಟ್ ಕೊಡಲ್ಲ, ಅದರ ಹಿಂದಿನ ಲೆಕ್ಕ ಕೊಡುತ್ತೇನೆ.

ಕೋಣೆ ನೋಡೋಕೆ ಮುಂಚೆ ಗಂಟೆ ನೋಡಬೇಕು. ಬೆಂಗಳೂರಿಂದ ಅಲ್ಲಿನ ರಾಜಧಾನಿ ಮಾಲೆಗೆ ನೇರ ವಿಮಾನ ಎರಡು ಗಂಟೆ ಆಚೀಚೆ. ಶುಕ್ರವಾರ ಮಧ್ಯಾಹ್ನದೊಳಗೆ ಇಳಿದು ಭಾನುವಾರ ಮಧ್ಯಾಹ್ನ ಹೊರಟರೆ ಕೈಯಲ್ಲಿರೋದು ಸುಮಾರು ಐವತ್ತು ಗಂಟೆ. ನಿದ್ದೆ ಕಳೆದರೆ ಮೂವತ್ನಾಲ್ಕು. ಸೀಪ್ಲೇನ್ ಇದರಲ್ಲಿ ಏಳೆಂಟು ಗಂಟೆ ನುಂಗುತ್ತೆ. ಹಾರಾಟ ಮುಕ್ಕಾಲು ಗಂಟೆಯೇ ಇರಬಹುದು, ತೊಂದರೆ ಅಲ್ಲಿಲ್ಲ. ಹದಿನೈದು ಜನರ ಟ್ವಿನ್ ಆಟರ್ ವಿಮಾನ ಎರಡು ಮೂರು ರೆಸಾರ್ಟುಗಳಿಗೆ ಇಳಿಸುತ್ತಾ ಹೋಗುತ್ತೆ. ಹೊರಡೋ ಹೊತ್ತು ಗೊತ್ತಾಗೋದು ಹಿಂದಿನ ಸಂಜೆ. ಲೌಂಜಿನಲ್ಲಿ ಎರಡು ಗಂಟೆ ಕಾಯೋದು ಮಾಮೂಲಿ. ಕಣ್ಣಳತೆಯಲ್ಲಿ ಹಾರಿಸೋ ವಿಮಾನ ಆದ್ದರಿಂದ ಕತ್ತಲಾದ ಮೇಲೆ ಇಲ್ಲವೇ ಇಲ್ಲ. ಮಧ್ಯಾಹ್ನ ಮೂರೂವರೆ ದಾಟಿ ಮಾಲೆಗೆ ಇಳಿದವರು ಆ ರಾತ್ರಿ ಏರ್‌ಪೋರ್ಟ್ ಹತ್ತಿರದ ಹೋಟೆಲಿನಲ್ಲೇ ಉಳೀಬೇಕು, ಅದರ ಬಿಲ್ಲೂ ಪಾರ್ಟಿಯದೇ. ವಾಪಸ್ ಬರುವಾಗಲೂ ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ನಾಲ್ಕು ಗಂಟೆ ಮುಂಚೆ ಎತ್ತಿಕೊಂಡು ಬರುತ್ತಾರೆ. ಇಷ್ಟಕ್ಕೆ ಒಬ್ಬರಿಗೆ ಹೋಗಿಬರಲು 500 ಡಾಲರ್ ಹತ್ತಿರ.

ಹಾಗಾಗಿ ನನ್ನ ಪಟ್ಟಿಯಲ್ಲಿ ಇರೋದು ಸ್ಪೀಡ್‌ಬೋಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಟ್ಟೋ ಉತ್ತರ ಮಾಲೆ, ದಕ್ಷಿಣ ಮಾಲೆ ಹವಳದ್ವೀಪಗಳು ಮಾತ್ರ. ತೀರಾ ಹತ್ತಿರವೂ ಬೇಡ. 1972ರಲ್ಲಿ ಶುರುವಾದ ಅಲ್ಲಿನ ಮೊದಲ ರೆಸಾರ್ಟ್ ಕುರುಂಬಾ ಹತ್ತು ನಿಮಿಷದ ದಾರಿ. ತೋಟ, ಊಟ ಎರಡೂ ಚೆನ್ನ, ಆದರೆ ಆ ಅಳತೆಯಲ್ಲಿ ಎಲ್ಲಿ ನಿಂತರೂ ರಾತ್ರಿ ಏರ್‌ಪೋರ್ಟ್ ಪಕ್ಕದ ಊರು ಹುಲ್ಹುಮಾಲೆಯ ದೀಪ ಕಾಣುತ್ತೆ, ವಿಮಾನದ ಸದ್ದು ಕೇಳುತ್ತೆ. ಮಾಲೆಯ ಪಶ್ಚಿಮಕ್ಕೆ ತಿಲಫುಶಿ ಇದೆ, ಕಸ ಮತ್ತು ಕಾರ್ಖಾನೆಗಳ ದ್ವೀಪ. ಅದರ ಕಡೆ ಮುಖ ಮಾಡಿದ ಕೋಣೆ ಸಿಕ್ಕರೆ ಸೂರ್ಯಾಸ್ತದ ಜೊತೆ ಕ್ರೇನುಗಳೂ ಫೋಟೋದಲ್ಲಿ ಬರುತ್ತವೆ. ಇಪ್ಪತ್ತರಿಂದ ನಲವತ್ತು ನಿಮಿಷದ ದೂರ ಸರಿಯಾದದ್ದು. ಬರೋಸ್ ರೆಸಾರ್ಟ್ ಆ ಅಳತೆಯಲ್ಲಿದೆ, ಮನೆಬಾಗಿಲ ಹವಳದ ದಂಡೆಗೆ ಹೆಸರುವಾಸಿ.

ದ್ವೀಪ ಆರಿಸುವಾಗ ಬ್ರೋಷರ್ ಪಕ್ಕಕ್ಕಿಟ್ಟು ಉಪಗ್ರಹ ಚಿತ್ರ ತೆಗೀರಿ. ದಡದಿಂದ ಐವತ್ತು ಮೀಟರಿನೊಳಗೆ ತಿಳಿನೀಲಿ ಹಠಾತ್ತನೆ ಕಡುನೀಲಿಗೆ ತಿರುಗಿದರೆ ಅಲ್ಲಿ ಹವಳದ ಗೋಡೆ ಕೆಳಕ್ಕಿಳಿಯುತ್ತೆ, ಕೋಣೆಯ ಮೆಟ್ಟಿಲಿಂದಲೇ ಸ್ನಾರ್ಕೆಲಿಂಗ್ (ಉಸಿರಿನ ನಳಿಗೆ ಕಚ್ಚಿ ಈಜುತ್ತಾ ಮೀನು ನೋಡೋದು). ಅರ್ಧ ಕಿಲೋಮೀಟರ್ ತಿಳಿನೀಲಿಯೇ ಹರಡಿದ್ದರೆ ಅದು ಮರಳಿನ ಲಗೂನ್, ಫೋಟೋಗೆ ಚೆಂದ, ಮೀನು ನೋಡಬೇಕಾದರೆ ದಿನವೂ ಬೋಟಿಗೆ ದುಡ್ಡು. ಎರಡು ರಾತ್ರಿಯವರಿಗೆ ಮೊದಲನೇದೇ ಬೇಕು. ಚಿತ್ರದಲ್ಲಿ ಕಂದು ಬಣ್ಣದ ಪಟ್ಟಿ ದಡಕ್ಕೆ ಅಂಟಿಕೊಂಡಿದ್ದರೆ ಇಳಿತದ ಹೊತ್ತಿನಲ್ಲಿ ಅಲ್ಲಿ ನೀರು ಮೊಣಕಾಲುದ್ದವೂ ಇರಲ್ಲ, ಹವಳದ ಮೇಲೆ ನಡೆದರೆ ಕಾಲು ಕುಯ್ಯುತ್ತೆ, ಹವಳವೂ ಸಾಯುತ್ತೆ. ಅಂಥ ಕಡೆ ಜೆಟ್ಟಿಯಿಂದ ಇಳಿಯೋ ದಾರಿ ಇದೆಯಾ ಅಂತ ಮೇಲ್ ಹಾಕಿ ಕೇಳಿ, ಅಲ್ಲಿನ ಭರತ-ಇಳಿತದ ಪಟ್ಟಿಯನ್ನೂ ತರಿಸಿಕೊಳ್ಳಿ.

ಗಾಳಿಯ ದಿಕ್ಕು ನೋಡದೆ ‘ಸನ್‌ಸೆಟ್ ವಿಲ್ಲಾ’ಗೆ ಹೆಚ್ಚು ಕೊಡೋದು ಎಲ್ಲರೂ ಮಾಡೋ ಕೆಲಸ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯದ ಗಾಳಿ, ಅಲೆ ಬಡಿಯೋದು ಪಶ್ಚಿಮದ ಬದಿಗೇ. ಜುಲೈನಲ್ಲಿ ಸನ್‌ಸೆಟ್ ಸಾಲಿನ ನೀರುಮನೆಯ (ನೀರಿನ ಮೇಲೆ ಕಂಬಗಳ ಮೇಲೆ ಕಟ್ಟಿದ ವಿಲ್ಲಾ) ಕೆಳಗೆ ರಾತ್ರಿಯಿಡೀ ದಬದಬ, ಮೆಟ್ಟಿಲಿಗೆ ಸರಪಳಿ ಹಾಕಿ ಈಜು ನಿಷೇಧ. ಆ ಕಾಲಕ್ಕೆ ಅಗ್ಗದ ಸನ್‌ರೈಸ್ ಸಾಲೇ ಮೇಲು. ಡಿಸೆಂಬರಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ, ಲೆಕ್ಕ ತಿರುಗುಮುರುಗು. ನನಗೆ ಬೆಲೆಗೂ ಹವೆಗೂ ಹೊಂದೋದು ನವೆಂಬರ್ ಮತ್ತು ಏಪ್ರಿಲ್ ಕೊನೆ. ರಾಜ್ಯೋತ್ಸವ ಶುಕ್ರವಾರವೋ ಸೋಮವಾರವೋ ಬಿದ್ದರೆ ರಜೆ ಹಾಕದೆ ಹೋಗಬಹುದು, ಆದರೆ ಆಸುಪಾಸಿನಲ್ಲಿ ದೀಪಾವಳಿ ಇದ್ದರೆ ವಿಮಾನದ ದರ ಆ ಉಳಿತಾಯವನ್ನೆಲ್ಲ ತಿಂದುಹಾಕುತ್ತೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕಡ್ಡಾಯ ಗಾಲಾ ಡಿನ್ನರ್ ಅಂತ ಒಬ್ಬೊಬ್ಬರಿಗೆ ಬೇರೆಯೇ ಕೀಳುತ್ತಾರೆ, ಆ ವಾರ ಈ ಯೋಜನೆಯನ್ನೇ ಮರೀರಿ.

ಇನ್ನು ದುಡ್ಡು. ಕೂರ್ಗಿನ ರೆಸಾರ್ಟುಗಳ ಹಾಗೆ ಶನಿವಾರಕ್ಕೆ ದರ ಏರಿಸೋ ಪದ್ಧತಿ ಅಲ್ಲಿ ಸಾಮಾನ್ಯವಾಗಿ ಇಲ್ಲ, ಏರಿಳಿತ ಎಲ್ಲ ಸೀಸನ್ನಿನದು. ಮೋಸ ಹೋಗೋದು ‘ಪ್ಲಸ್ ಪ್ಲಸ್’ನಲ್ಲಿ. ಹೇಳಿದ ದರದ ಮೇಲೆ 10% ಸರ್ವಿಸ್ ಚಾರ್ಜ್, ಆ ಮೊತ್ತದ ಮೇಲೆ 17% ಟಿ-ಜಿ.ಎಸ್.ಟಿ. ಅನ್ನೋ ಅಲ್ಲಿನ ಪ್ರವಾಸೋದ್ಯಮ ತೆರಿಗೆ (2025ರ ಜುಲೈಗೆ ಮುಂಚೆ 16% ಇತ್ತು). ಅಂದರೆ 1.287ರಿಂದ ಗುಣಿಸಿ. ಅದರಾಚೆ ಗ್ರೀನ್ ಟ್ಯಾಕ್ಸ್, 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಲೆಗೆ ರಾತ್ರಿಗೆ 12 ಡಾಲರ್. ವಿಮಾನದ ಟಿಕೆಟ್ಟಿನೊಳಗೂ ಮಾಲೆಯಿಂದ ಹೊರಡೋ ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕ ಸೇರಿ ಎಕಾನಮಿಯವರಿಗೇ 100 ಡಾಲರ್ ಕೂತಿರುತ್ತೆ. ಹಳೇ ಅಗ್ಗದ ಟಿಕೆಟ್ ಈಗ ಸಿಗದಿರೋದಕ್ಕೆ ಅದೂ ಒಂದು ಕಾರಣ.

ನೆನಪಿನಿಂದ ಒಂದು ಜೋಡಿಯ ಲೆಕ್ಕ, ಡಾಲರಿನಲ್ಲಿ: ಮೊದಲ ರಾತ್ರಿ ಬೀಚ್ ವಿಲ್ಲಾ 450, ಎರಡನೇ ರಾತ್ರಿ ನೀರುಮನೆ 650, ಎರಡೂ ಹಾಫ್ ಬೋರ್ಡ್ (ಬೆಳಗಿನ ತಿಂಡಿ, ರಾತ್ರಿ ಊಟ ಸೇರಿ), ಎರಡೂ ಪ್ಲಸ್ ಪ್ಲಸ್. ತೆರಿಗೆ ಸೇರಿ 1,415. ಗ್ರೀನ್ ಟ್ಯಾಕ್ಸ್ 48. ಬೋಟು ಇಬ್ಬರಿಗೆ 360. ಮಧ್ಯಾಹ್ನದ ಊಟ, ಪಾನೀಯ, ಒಂದು ಸ್ಪಾ ಅಂತ 300. ಒಟ್ಟು 2,120 ಚಿಲ್ಲರೆ. ಡಾಲರಿಗೆ 90 ರೂಪಾಯಿ ಹಿಡಿದರೆ 1 ಲಕ್ಷ 90 ಸಾವಿರ, ವಿಮಾನಕ್ಕೆ ಐವತ್ತು ಸಾವಿರದ ಸುತ್ತ. ಇದೇ ಕೋಣೆಗಳನ್ನು ಸೀಪ್ಲೇನ್ ದ್ವೀಪದಲ್ಲಿ ತಗೊಂಡರೆ ಸಾಗಾಟಕ್ಕೇ ಐವತ್ತೇಳು ಸಾವಿರ ಜಾಸ್ತಿ. ಆ ದುಡ್ಡನ್ನು ಕೋಣೆಗೆ ಹಾಕಿ, ಒಂದು ದರ್ಜೆ ಮೇಲಿನದು ಸಿಗುತ್ತೆ.

ಊಟ, ಪಾನೀಯ ಎಲ್ಲ ಸೇರಿದ ಆಲ್ ಇನ್‌ಕ್ಲೂಸಿವ್ ಎರಡು ರಾತ್ರಿಗೆ ಗಿಟ್ಟಲ್ಲ. ಬರೋ ದಿನ ಅರ್ಧ, ಹೋಗೋ ದಿನ ಕಾಲು ಪಾಲು, ಕುಡಿಯದವರಾದರಂತೂ ಪೂರ್ತಿ ನಷ್ಟ. ಹಾಫ್ ಬೋರ್ಡ್ ಸಾಕು, ಆದರೆ ರಾತ್ರಿ ಊಟದ ಮೇಜಿನ ನೀರಿಗೂ ಕೆಲವು ಕಡೆ ಬಿಲ್ ಇರುತ್ತೆ, ಮೊದಲೇ ಕೇಳಿ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟೋದಾದರೆ ವಿದೇಶಿ ಹಣಕ್ಕೆ ಬ್ಯಾಂಕಿನ 3.5% ಮಾರ್ಕಪ್, ಅದರ ಮೇಲೆ ಜಿ.ಎಸ್.ಟಿ., ಎರಡೂ ಸೇರಿ ನಾಲ್ಕು ಚಿಲ್ಲರೆ. ಪ್ಯಾಕೇಜಾಗಿ ಇಲ್ಲಿಂದಲೇ ಮಾರಿದರೆ ಟಿ.ಸಿ.ಎಸ್., ಅಂದರೆ ಮಾರುವವರೇ ಮುಂಚಿತವಾಗಿ ವಸೂಲಿ ಮಾಡೋ ಆದಾಯ ತೆರಿಗೆ, ಹಿಡೀಬೇಕು. ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು ಅಂತ ಪಾರ್ಟಿಗೆ ಕೋಟ್ ಕೊಡುವಾಗಲೇ ಹೇಳಿ, ಕೊನೆಗೆ ಹೇಳಿದರೆ ಜಗಳ.

ದೊಡ್ಡ ಅಡ್ಡಿ ಅಂದರೆ ಕನಿಷ್ಠ ಮೂರು ನಾಲ್ಕು ರಾತ್ರಿ ಇರಲೇಬೇಕು ಅನ್ನೋ ನಿಯಮ. ಬುಕಿಂಗ್ ಸಿಸ್ಟಮ್ಮಿನಲ್ಲಿ ಎರಡು ರಾತ್ರಿ ಹಾಕಿದರೆ ‘ಲಭ್ಯವಿಲ್ಲ’ ಅಂತ ಬರುತ್ತೆ, ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ಕೋಣೆ ಖಾಲಿ ಇರುತ್ತೆ. ಯುರೋಪಿನವರ ಎರಡು ಉದ್ದನೆಯ ಬುಕಿಂಗ್‌ಗಳ ನಡುವೆ ಒಂದೆರಡು ರಾತ್ರಿ ಸಂದಿಯಲ್ಲಿ ಉಳಿದುಬಿಡುತ್ತವೆ, ಆ ರಾತ್ರಿಗಳನ್ನು ಬೇರೆ ಯಾರೂ ತಗೊಳ್ಳಲ್ಲ. ರಿಸರ್ವೇಷನ್ ಡೆಸ್ಕಿಗೆ ನೇರ ಮೇಲ್ ಹಾಕಿ ಸಂದಿ ರಾತ್ರಿ ಕೇಳಿದರೆ ನಿಯಮ ಸಡಿಲವಾಗುತ್ತೆ, ದರವೂ ಇಳಿಯುತ್ತೆ. ಎಷ್ಟು ದಿನ ಮುಂಚೆ, ಯಾವ ಮಾತಿನಲ್ಲಿ ಕೇಳಬೇಕು ಅನ್ನೋದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯಲ್ಲ.

ಎರಡನೇ ರಾತ್ರಿಗೆ ಬೀಚ್ ವಿಲ್ಲಾದಿಂದ ನೀರುಮನೆಗೆ ಕೋಣೆ ಬದಲಿಸೋದು ದಡ್ಡತನ ಅಂದವರಿದ್ದಾರೆ. ಚೆಕ್‌ಔಟ್ ಹನ್ನೊಂದಕ್ಕೆ, ನೀರುಮನೆ ಸಿದ್ಧವಾಗೋದು ಎರಡು ಮೂರಕ್ಕೆ, ನಡುವೆ ಲಾಬಿಯಲ್ಲಿ ಕೂತರೆ ಹೌದು, ದಡ್ಡತನವೇ. ಆ ಸಂದಿಗೇ ಸ್ನಾರ್ಕೆಲಿಂಗ್ ಬೋಟನ್ನೋ ಮರಳುದಿಬ್ಬದ ಪಿಕ್‌ನಿಕ್ಕನ್ನೋ ಹೊಂದಿಸಿ. ಹತ್ತೂವರೆಗೆ ಬ್ಯಾಗ್ ಕಟ್ಟಿ ಬಾಗಿಲಲ್ಲಿಟ್ಟು ಬೋಟ್ ಹತ್ತಿದರೆ ವಾಪಸ್ ಬರೋ ಹೊತ್ತಿಗೆ ಸಾಮಾನು ಹೊಸ ಕೋಣೆಯಲ್ಲಿರುತ್ತೆ. ಹಗಲು ದಿಬ್ಬದ ಮೇಲೆ ನೆರಳೇ ಇರಲ್ಲ, ಛತ್ರಿ ಬೋಟಿನಲ್ಲಿ ಇದೆಯಾ ಅಂತ ನೋಡಿಸಿ. ಬೀಚ್ ಮೊದಲು, ನೀರುಮನೆ ಆಮೇಲೆ. ತಿರುವಿದರೆ ಎರಡನೇ ದಿನ ಇಳಿದುಬಂದ ಹಾಗನ್ನಿಸುತ್ತೆ.

ಪಕ್ಕದ ಪ್ರಯೋಗಗಳೂ ನಡೆದಿವೆ. ತೇಲೋ ತಟ್ಟೆಯ ಬ್ರೇಕ್‌ಫಾಸ್ಟ್‌ಗೆ 80ರಿಂದ 100 ಡಾಲರ್, ಫೋಟೋ ಮುಗಿಯೋ ಹೊತ್ತಿಗೆ ಆಮ್ಲೆಟ್ ತಣ್ಣಗೆ, ಕಾಗೆ ಹಾಜರು. ಒಮ್ಮೆಗೆ ಸಾಕು. ಒಂದು ರಾತ್ರಿ ಮಾಫುಶಿಯಂಥ ಜನವಸತಿ ದ್ವೀಪದಲ್ಲಿ, ಇನ್ನೊಂದು ರೆಸಾರ್ಟಿನಲ್ಲಿ ಅನ್ನೋ ಜೋಡಣೆ ಖರ್ಚಿನಲ್ಲಿ ಚೆನ್ನ, ಗಂಟೆಯಲ್ಲಿ ಸೋಲು. ಶುಕ್ರವಾರ ಅಲ್ಲಿ ವಾರದ ರಜೆ, ಸರ್ಕಾರಿ ಫೆರಿ ನಂಬೋ ಹಾಗಿಲ್ಲ, ನಮಾಜಿನ ಹೊತ್ತಿಗೆ ಅಂಗಡಿಯೂ ಮುಚ್ಚಿರುತ್ತೆ. ಸ್ಕೂಬಾ ಬೇಕಂದರೆ ಶುಕ್ರವಾರ ಸಂಜೆ ಅಥವಾ ಶನಿವಾರ ಬೆಳಗ್ಗೆ ಮಾತ್ರ. ಡೈವಿಗೂ ವಿಮಾನಕ್ಕೂ ನಡುವೆ 18 ಗಂಟೆ ಬೇಕು, ಬಹಳ ಸೆಂಟರುಗಳು 24 ಕೇಳುತ್ತವೆ. ಬಾ ಹವಳದ್ವೀಪದ ಹನಿಫಾರುವಿನ ಮಾಂಟಾ ಮೀನಿಗೆ ಆಸೆಪಡೋ ಪಾರ್ಟಿಗೆ ಈ ಪ್ಲಾನ್ ಮಾರಬೇಡಿ. ಅದು ಬೇರೆ ದೂರ, ಬೇರೆ ಕಾಲ.

ಎಡವೋ ಜಾಗ ಗಡಿಯಾರ. ಮಾಲೆ ನಮಗಿಂತ ಅರ್ಧ ಗಂಟೆ ಹಿಂದೆ. ಬಹಳ ರೆಸಾರ್ಟುಗಳು ಹಗಲು ಉದ್ದ ಮಾಡೋಕೆ ಮಾಲೆಗಿಂತ ಒಂದು ಗಂಟೆ ಮುಂದೆ ಓಡುತ್ತವೆ. ಮೊಬೈಲ್ ತೋರಿಸೋದು ಮಾಲೆಯ ಹೊತ್ತು, ಬೋಟಿನ ಚೀಟಿಯಲ್ಲಿರೋದು ದ್ವೀಪದ ಹೊತ್ತು. ಚೀಟಿಯಲ್ಲಿ ಹತ್ತು ಅಂತಿದ್ದಾಗ ಮೊಬೈಲಿನಲ್ಲಿ ಒಂಬತ್ತು, ಇನ್ನೂ ಒಂದು ಗಂಟೆ ಇದೆ ಅಂತ ನೀರಿಗಿಳಿದವರ ಬೋಟ್ ಹೊರಟುಹೋಗಿರುತ್ತೆ. ಬುಕಿಂಗ್ ವೌಚರಿನಲ್ಲಿ ನಾನು ಎರಡೂ ಹೊತ್ತು ದಪ್ಪಕ್ಷರದಲ್ಲಿ ಹಾಕಿಸುತ್ತೇನೆ.

ಕಾಗದಪತ್ರ ಸುಲಭ. ವೀಸಾ ಅಲ್ಲೇ, ಉಚಿತ. ಇಮುಗಾ ಅನ್ನೋ ಅಲ್ಲಿನ ಆನ್‌ಲೈನ್ ಪ್ರಯಾಣಿಕರ ಫಾರಂ ಹೋಗೋಕೆ ಮುಂಚಿನ 96 ಗಂಟೆಯೊಳಗೆ ತುಂಬಬೇಕು, ಬರುವಾಗ ಇನ್ನೊಮ್ಮೆ. ಅದಕ್ಕೂ ಶುಲ್ಕವಿಲ್ಲ, ದುಡ್ಡು ಕೇಳೋ ಸೈಟು ನಕಲಿ. ಬೆಂಗಳೂರು ಡ್ಯೂಟಿ ಫ್ರೀಯ ಬಾಟಲಿ ಮಾಲೆ ಕಸ್ಟಮ್ಸಿನಲ್ಲಿ ಉಳಿಯುತ್ತೆ, ವೇಪ್ ಒಯ್ಯಲೇಬಾರದು. ಪೂಜೆಯ ವಿಗ್ರಹಕ್ಕೂ ನಿಷೇಧ ಇದೆ, ಹೊಸ ಜೋಡಿಯ ಮನೆಯವರಿಗೆ ಇದನ್ನು ಬಿಡಿಸಿ ಹೇಳಿ. ಚೆಕ್‌ಇನ್ ಲಗೇಜ್ ಬೇಡ, ಏಳು ಕೆಜಿ ಕೈಚೀಲ ಸಾಕು, ಬೆಲ್ಟಿನ ಮುಂದೆ ನಿಲ್ಲೋ ಅರ್ಧ ಗಂಟೆ ಉಳಿಯುತ್ತೆ. ಮಳೆಗಾಲದ ಬೋಟಿನಲ್ಲಿ ಮೂತಿಯ ಕಡೆ ಕೂರಬೇಡಿ, ಅಲೆಗೆ ಎತ್ತಿ ಎಸೆಯೋದು ಆ ತುದಿಯನ್ನೇ. ಹಿಂದಿನ ಸೀಟು ಹಿಡೀರಿ.

ಸಸ್ಯಾಹಾರಿಗಳ ವಿಚಾರದಲ್ಲಿ ‘ವೆಜ್’ ಅಂತ ಬರೆದರೆ ಸಾಲದು. ಅಲ್ಲಿನ ಸ್ಥಳೀಯ ಅಡುಗೆಯಲ್ಲಿ ಒಣಗಿಸಿದ ಟ್ಯೂನಾ ಪುಡಿಯೋ ರಿಹಾಕುರು ಅನ್ನೋ ಮೀನಿನ ರಸದ ಪೇಸ್ಟೋ ತರಕಾರಿ ಪಲ್ಯಕ್ಕೂ ಬೀಳುತ್ತೆ. ಮೀನು, ಒಣಮೀನು, ಮೀನಿನ ಸಾರು, ಮೂರೂ ಬೇಡ ಅಂತ ಬಿಡಿಬಿಡಿಯಾಗಿ ಬರೆದು, ಅಡುಗೆಮನೆಯಿಂದ ಉತ್ತರ ಬಂದ ಮೇಲೇ ವೌಚರ್ ಕೊಡಿ. ತೆಂಗಿನಕಾಯಿ, ರೋಶಿ ರೊಟ್ಟಿ, ಕುಂಬಳ ಧಾರಾಳ ಸಿಗುತ್ತವೆ, ಉಪವಾಸ ಬೀಳಲ್ಲ.

ಬಿಲ್ ಮಾತ್ರ ಶನಿವಾರ ರಾತ್ರಿಯೇ ತರಿಸಿ. ಭಾನುವಾರ ಬೋಟಿಗೆ ಓಡೋ ಗಡಿಬಿಡಿಯಲ್ಲಿ ಮಿನಿಬಾರಿನ ತಪ್ಪು ಸಾಲು, ಎರಡು ಸಲ ಬಿದ್ದ ಗ್ರೀನ್ ಟ್ಯಾಕ್ಸ್ ಯಾರ ಕಣ್ಣಿಗೂ ಬೀಳಲ್ಲ. ವೌಚರಿನಲ್ಲಿ ಬೋಟು ಸೇರಿದ್ದರೂ ಬಿಲ್ಲಿನಲ್ಲಿ ಮತ್ತೆ ಬರೋದುಂಟು, 360 ಡಾಲರ್ ಸಣ್ಣ ಮೊತ್ತವಲ್ಲ. ಊರಿಗೆ ಬಂದ ಮೇಲೆ ಅದನ್ನು ವಾಪಸ್ ತರಿಸೋಕೆ ಆಗುತ್ತೆ, ಆದರೆ ಆರು ವಾರ ಮೇಲ್ ಬರೀಬೇಕು.