ಬಲ್ಬಿನಿಂದ ಸಿಕ್ಕಿದ ಮಿಸ್ಸಿಂಗ್: ಮೂರು ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್ ಕಾರಿನ ಅನುಭವ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ನನ್ನ ಗ್ಯಾರೇಜಿಗೆ ಬರುವ ಹೊತ್ತಿಗೆ ಆ ಕಾರು ಮೂರು ಲಕ್ಷ ಕಿಲೋಮೀಟರನ್ನು ದಾಟಿತ್ತು, ಮಾಲೀಕರ ತಾಳ್ಮೆಯೂ ಮುಗಿದಿತ್ತು. ಒಂದು ಕಾಲದಲ್ಲಿ ಹಲವು ಕಂಪೆನಿಗಳ ಕಾರುಗಳಲ್ಲಿ ಕುಳಿತಿದ್ದ ಅದೇ 1248 ಸಿಸಿ ಕಾಮನ್ ರೈಲ್ ಎಂಜಿನ್. ಐಡಲ್‌ನಲ್ಲಿ (ಆಕ್ಸಿಲರೇಟರ್ ತುಳಿಯದಿದ್ದಾಗ) ಸ್ಟೇರಿಂಗ್ ಕೈಯಲ್ಲಿ ನಡುಗುವಷ್ಟು ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಕೆಲಸ ತಪ್ಪಿಸುವುದು. ಆದರೆ 2,000 ಆರ್‌ಪಿಎಂ ದಾಟಿದರೆ ಏನೂ ಆಗಿಲ್ಲವೆಂಬಂತೆ ಎಳೆಯುತ್ತಿತ್ತು. ಸ್ಕ್ಯಾನರ್‌ನಲ್ಲಿ ಪಿ0303 (ಮೂರನೆಯ ಸಿಲಿಂಡರಿನ ಮಿಸ್ಸಿಂಗ್) ಬಿಟ್ಟು ಬೇರೆ ಕೋಡ್ ಇರಲಿಲ್ಲ.

ನನ್ನಲ್ಲಿಗೆ ಬರುವ ಮೊದಲೇ ಮೂರನೆಯ ಸಿಲಿಂಡರಿಗೆ ರೀಕಂಡೀಶನ್ ಮಾಡಿದ ಇಂಜೆಕ್ಟರ್ (ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಬಿದ್ದಿತ್ತು. ಅದಕ್ಕೆ ಕೂಲಿ ಸೇರಿ ಹತ್ತು ಸಾವಿರದಷ್ಟು ಹೋಗಿತ್ತು. ಮಂಗಳೂರಿನ ಒಂದು ಪಂಪ್ ಅಂಗಡಿಯವರು ನಾಲ್ಕನ್ನೂ ಬದಲಿಸಬೇಕು, ನಲವತ್ತು ಸಾವಿರದ ಹತ್ತಿರ ಆಗುತ್ತದೆ ಎಂದರು. ಇನ್ನೊಬ್ಬರು ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದು ಎಪ್ಪತ್ತೈದು ಸಾವಿರದ ಲೆಕ್ಕ ಕೊಟ್ಟರು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸುಟ್ಟಿದೆ ಎಂದವರೂ ಇದ್ದರು. ಕಾರನ್ನು ಮಾರಿದರೂ ಅಷ್ಟು ಹಣ ಬರುವುದು ಕಷ್ಟವಿತ್ತು.

ನನಗೆ ಮೊದಲು ಕಂಡದ್ದು ಸೈಲೆನ್ಸರ್. ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತಲ್ಪಡುವುದು) ಕಡಿಮೆಯಾಗಿ ಡೀಸೆಲ್ ಉರಿಯದೆ ಹೊರಬಂದರೆ ಕಣ್ಣು ಉರಿಸುವ ಬಿಳಿ ಹೊಗೆ ಬರಬೇಕು. ಇಲ್ಲಿ ಹೊಗೆಯೇ ಇರಲಿಲ್ಲ. ಡೀಸೆಲ್ ಉರಿಯುತ್ತಿಲ್ಲ ಎನ್ನುವುದಕ್ಕಿಂತ ಒಳಗೆ ಬೀಳುತ್ತಲೇ ಇಲ್ಲ ಎಂಬ ಗುಮಾನಿ ಅಲ್ಲಿಂದ ಹುಟ್ಟಿತು. ಆದರೂ ಆಸ್ಪತ್ರೆಯ ಡ್ರಿಪ್ ಟ್ಯೂಬುಗಳನ್ನು ಕಟ್ಟಿ ರಿಟರ್ನ್, ಅಂದರೆ ಇಂಜೆಕ್ಟರುಗಳಿಂದ ವಾಪಸು ಬರುವ ಡೀಸೆಲ್, ಎಷ್ಟೆಂದು ನೋಡಿದೆ. ನಾಲ್ಕು ಬಾಟಲಿಗಳಲ್ಲೂ ಮಟ್ಟ ಹೆಚ್ಚುಕಡಿಮೆ ಒಂದೇ. ಎರಡನೆಯ ಮತ್ತು ಮೂರನೆಯ ಇಂಜೆಕ್ಟರುಗಳನ್ನು ಹೊಸ ತಾಮ್ರದ ವಾಷರ್ ಹಾಕಿ ಅದಲುಬದಲು ಮಾಡಿ, ಅವುಗಳ ಗುರುತಿನ ಕೋಡನ್ನೂ ಸ್ಕ್ಯಾನರಿನಲ್ಲಿ ಬದಲಿಸಿದೆ. ಮಿಸ್ಸಿಂಗ್ ಮೂರರಲ್ಲೇ ಉಳಿಯಿತು, ಅಂದರೆ ದೋಷ ಇಂಜೆಕ್ಟರಿನದ್ದಲ್ಲ.

ಕಂಪ್ರೆಶನ್ ಗೇಜ್ ಹಾಕಲು ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನೊಳಗೆ ಬಿಸಿ ಕೊಡುವ ಭಾಗ) ಬಿಚ್ಚಬೇಕು, ಇಷ್ಟು ಓಡಿದ ಎಂಜಿನ್ನಿನಲ್ಲಿ ಅದು ತುಂಡಾದರೆ ಹೆಡ್ ಇಳಿಸುವ ಕೆಲಸ. ಆದ್ದರಿಂದ ನಾಲ್ಕೂ ಇಂಜೆಕ್ಟರುಗಳ ಕಪ್ಲರ್ (ತಂತಿ ಜೋಡಿಸುವ ಪ್ಲಗ್) ತೆಗೆದು ಸ್ಟಾರ್ಟರ್ ತಿರುಗಿಸಿ, ಆ ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಧ್ವನಿಯ ಅಲೆ ತೋರಿಸುವ ಆ್ಯಪಿನಲ್ಲಿ ನೋಡಿದೆ. ಒಂದು ಸಿಲಿಂಡರ್ ಸೋತಿದ್ದರೆ ಪ್ರತಿ ನಾಲ್ಕನೆಯ ಏರು ಗಿಡ್ಡವಾಗುತ್ತದೆ. ಇಲ್ಲಿ ಎಲ್ಲವೂ ಸಮನಾಗಿದ್ದವು. ಬ್ಯಾಟರಿ ದುರ್ಬಲವಾಗಿದ್ದರೆ ಈ ಪ್ರಯೋಗ ಸುಳ್ಳು ಹೇಳುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಬಿಸಿ ಅಳೆಯುವುದನ್ನೂ ಮಾಡಿದೆ. ಮೂರನೆಯದು ತಣ್ಣಗಿದೆ ಎಂದು ತಿಳಿಯಿತೇ ಹೊರತು ಯಾಕೆ ಎಂದು ತಿಳಿಯಲಿಲ್ಲ.

ಇನ್ನು ಉಳಿದದ್ದು ವಯರಿಂಗ್. ಅದನ್ನು ನಮಗಿಂತ ಮೊದಲೇ ಇಬ್ಬರು ಮಲ್ಟಿಮೀಟರಿನಲ್ಲಿ ನೋಡಿ, ಬೀಪ್ ಬಂದಿದೆ, ತಂತಿ ಸರಿಯಿದೆ ಎಂದು ತೀರ್ಪು ಕೊಟ್ಟಿದ್ದರು. ತಂತಿಯೊಳಗೆ ಎರಡೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಹೇಳುತ್ತದೆ, ಏಕೆಂದರೆ ಅದು ಕಳಿಸುವ ಕರೆಂಟು ಏನೇನೂ ಅಲ್ಲ. ಈ ಇಂಜೆಕ್ಟರ್ ತೆರೆಯುವ ಕ್ಷಣದಲ್ಲಿ ಇಪ್ಪತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ಐಡಲ್‌ನಲ್ಲಿ ಅದು ತೆರೆದಿರುವ ಹೊತ್ತೇ ತೀರ ಕಡಿಮೆಯಾದ್ದರಿಂದ, ತೆರೆಯುವುದು ತುಸು ತಡವಾದರೂ ಡೀಸೆಲ್ ಬೀಳುವುದಿಲ್ಲ. ಲೋಡಿನಲ್ಲಿ ಹೆಚ್ಚು ಹೊತ್ತು ತೆರೆದಿರುವುದರಿಂದ ಕೊರತೆ ಕಾಣುವುದಿಲ್ಲ.

ನಾನು ಇಸಿಯು ಕಡೆಯ ಕಪ್ಲರನ್ನೂ ಇಂಜೆಕ್ಟರ್ ಕಡೆಯದನ್ನೂ ಬಿಚ್ಚಿ, ತಂತಿಯ ಒಂದು ತುದಿಗೆ ಬ್ಯಾಟರಿಯ ಪ್ಲಸ್ ಕೊಟ್ಟು, ಇನ್ನೊಂದು ತುದಿಯಿಂದ, ಮೀಟರಿಗಿಂತ ಎಷ್ಟೋ ಹೆಚ್ಚು ಕರೆಂಟು ಎಳೆಯುವ 55 ವಾಟಿನ ಹೆಡ್‌ಲೈಟ್ ಬಲ್ಬಿನ ಮೂಲಕ ಅರ್ತ್ ಮಾಡಿದೆ. ಪಕ್ಕದ ಗ್ಯಾರೇಜಿನ ಹಿರಿಯರೊಬ್ಬರು, "ಕಂಪ್ಯೂಟರ್ ಗಾಡಿಗೆ ಬಲ್ಬು ಕಟ್ಟುತ್ತೀಯಲ್ಲ ಮಾರಾಯ" ಎಂದು ನಕ್ಕರು. ಉಳಿದ ತಂತಿಗಳ ಎರಡು ತುದಿಗಳ ನಡುವೆ ವೋಲ್ಟೇಜ್ ಕುಸಿತ 0.2 ದಾಟಲಿಲ್ಲ. ಮೂರನೆಯದರ ಒಂದು ತಂತಿಯಲ್ಲಿ ಒಂದು ವೋಲ್ಟಿಗಿಂತ ಹೆಚ್ಚಿತ್ತು. ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಅಲುಗಿಸಿದಾಗ ಮೂರು ದಾಟಿ ಬಲ್ಬು ಮಂಕಾಯಿತು. ಹಿರಿಯರು ಆಮೇಲೆ ಮಾತಾಡಲಿಲ್ಲ.

ತಂತಿಗಳ ಮೇಲಿನ ಸ್ಲೀವ್ ಬಿಡಿಸಿದಾಗ, ಹೆಡ್ ಕವರಿನ ಮೇಲೆ ಬಾಗುವಲ್ಲಿ ತಾಮ್ರ ಹಸಿರು ಪುಡಿಯಾಗಿ ಉದುರಿತು. ಕಾರಣ ಅಲ್ಲೇ ಇತ್ತು: ಎಂದೋ ಯಾರೋ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿದ ತೂತು. ನಮ್ಮ ಕಾಸರಗೋಡಿನ ಮಳೆಗಾಲಕ್ಕೆ ಅಷ್ಟು ಬಾಗಿಲು ಸಾಕು. ತಂತಿಗೆ ಸೂಜಿ ಚುಚ್ಚುವವರನ್ನು ನಾನು ನನ್ನ ಗ್ಯಾರೇಜಿನೊಳಗೆ ಸೇರಿಸುವುದಿಲ್ಲ.

ಒಂದು ಗೇಣಿನಷ್ಟು ತಂತಿ ಬದಲಿಸಿ, ಬೆಸುಗೆ ಹಾಕದೆ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಮೊದಲಿದ್ದಂತೆಯೇ ಜೋಡಿಯಾಗಿ ಹೆಣೆದೆ. ಸ್ಲೀವನ್ನು ಕತ್ತರಿಸದೆ ಬಿಡಿಸುವ ಕ್ರಮವನ್ನೂ, ಜಾಯಿಂಟಿನ ಒಳಗೆ ನಾನು ತುಂಬುವ ಪದಾರ್ಥವನ್ನೂ ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡಿಗೆ ಅಷ್ಟಾದರೂ ಇರಲಿ. ಸಾಮಾನಿಗೆ ಇನ್ನೂರೈವತ್ತು ರೂಪಾಯಿಯೊಳಗೆ, ವಾಷರ್ ಮತ್ತು ಕೂಲಿ ಸೇರಿ ಬಿಲ್ ಮೂರು ಸಾವಿರದ ಒಳಗೆ. ಎರಡು ಮಳೆಗಾಲ ಕಳೆದರೂ ಕಾರು ಅಡಿಕೆ ಹೇರಿಕೊಂಡು ಪುತ್ತೂರಿಗೆ ಹೋಗಿ ಬರುತ್ತಿದೆ.

ಈಗ ಗ್ಲೋ ಪ್ಲಗ್ ರಿಲೇಯ ತಂತಿ, ಡೀಸೆಲ್ ಪಂಪಿನ ಅರ್ತ್, ಎಲ್ಲದಕ್ಕೂ ಮೊದಲು ಬಲ್ಬೇ ಕಟ್ಟುತ್ತೇನೆ. ಸೆನ್ಸರಿನ ಸಣ್ಣ ತಂತಿಗಳಿಗೆ ಮಾತ್ರ 55 ವಾಟ್ ಕೊಡಬಾರದು. ಅವಕ್ಕೆ 5 ವಾಟಿನ ಪಾರ್ಕಿಂಗ್ ಬಲ್ಬು ಸಾಕು, ಅದೂ ಎರಡೂ ಕಡೆಯ ಕಪ್ಲರ್ ಬಿಚ್ಚಿದ ಮೇಲೆ. ಏರ್‌ಬ್ಯಾಗಿನ ಹಳದಿ ಸ್ಲೀವಿನ ಹತ್ತಿರವಂತೂ ಯಾವ ಬಲ್ಬನ್ನೂ ಒಯ್ಯಬೇಡಿ.